ಹಸಿರು ಡಬ್ಬಿ, ಕೆಂಪು ಡಬ್ಬಿ

ಕರ್ನಾಟಕದ ಲೈಂಗಿಕ ವೃತ್ತಿನಿರತ ಮಹಿಳೆಯರ ಮೇಲಿನ ಹಿಂಸೆಯನ್ನು ಕುರಿತ ಒಂದು ಸಂಶೋಧನಾ ಲೇಖನ 2010ರಲ್ಲಿ ಪ್ರಕಟವಾಯಿತು. ತಾರಾ ಬೀಟಿ ಎಂಬ ಸಂಶೋಧಕಿ ಮತ್ತು ಅವರ ಸಂಗಡಿಗರು ಬರೆದದ್ದು. ಹಿಂದಿನ ಒಂದು ವರ್ಷದಲ್ಲಿ ಹೊಡೆತ ತಿಂದವರು ಅಥವಾ ಅತ್ಯಾಚಾರಕ್ಕೆ ಒಳಗಾದವರು ಎಷ್ಟು ಮಂದಿ ಎಂಬುದು ಅದರಲ್ಲಿನ ಒಂದು ಮುಖ್ಯ ಪ್ರಶ್ನೆ. ಇದಕ್ಕೆ ಆ ಲೇಖನ ಎರಡು ಉತ್ತರ ಕೊಡುತ್ತದೆ. ಸಂದರ್ಶಕರು ಎದುರು ಕೂತು, ಪ್ರಶ್ನಾವಳಿ ಹಿಡಿದು 3,852 ಮಹಿಳೆಯರನ್ನು ಕೇಳಿದಾಗ ಹೌದು ಎಂದವರು ನೂರಕ್ಕೆ 11. ಇನ್ನೊಂದು ವಿಧಾನದಲ್ಲಿ 7,638 ಮಹಿಳೆಯರನ್ನು ಕೇಳಿದಾಗ ಹೌದು ಎಂದವರು ನೂರಕ್ಕೆ 26ಕ್ಕಿಂತ ತುಸು ಹೆಚ್ಚು. ರಾಜ್ಯ ಒಂದೇ, ವೃತ್ತಿ ಒಂದೇ, ಕೇಳಿದ ವಿಷಯವೂ ಒಂದೇ. ಉತ್ತರ ಮಾತ್ರ ಎರಡು ಪಟ್ಟಿಗೂ ಮೀರಿ ಬೇರೆಯಾಯಿತು. ಲೈಂಗಿಕ ಆರೋಗ್ಯದ ಸಂಶೋಧನೆಗೆ ಸಂಬಂಧಿಸಿದ ಬಹಳಷ್ಟು ಮಾತುಗಳನ್ನು ಈ ಅಂತರವೊಂದನ್ನೇ ಹಿಡಿದು ಬಿಡಿಸಬಹುದು ಎಂದು ನನಗೆ ತೋರುತ್ತದೆ.

ಆ ಎರಡನೆಯ ವಿಧಾನಕ್ಕೆ ಮತಗಟ್ಟೆ ಸಮೀಕ್ಷೆ ಎಂದು ಹೆಸರು. ಎಚ್‌ಐವಿ ತಡೆಯುವ ಕೆಲಸಕ್ಕಾಗಿ 2003ರಲ್ಲಿ ರೂಪುಗೊಂಡ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಮತ್ತು ಅದರ ಜೊತೆಗಿದ್ದ ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ನಮ್ಮ ಜಿಲ್ಲೆಗಳಲ್ಲಿ ವ್ಯಾಪಕವಾಗಿ ಬಳಸಿದರು. ಕ್ರಮ ಬಹಳ ಸರಳ. ಒಂದು ಕೊಠಡಿಯಲ್ಲಿ ಹತ್ತು ಹನ್ನೆರಡು ಜನ ಕೂರುತ್ತಾರೆ. ಒಬ್ಬರು ಮಾಡುವುದು ಇನ್ನೊಬ್ಬರಿಗೆ ಕಾಣದಂತೆ ನಡುವೆ ರಟ್ಟಿನ ಮರೆ ಇರುತ್ತದೆ. ಪ್ರತಿಯೊಬ್ಬರ ಮುಂದೆ ಮೂರು ಡಬ್ಬಿ, ಕೈಯಲ್ಲಿ ಅಂಕಿ ಬರೆದ ಚೀಟಿಗಳ ಒಂದು ಕಟ್ಟು. ಪ್ರಶ್ನೆಯನ್ನು ಒಬ್ಬರು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದುತ್ತಾರೆ. ಏಳನೆಯ ಪ್ರಶ್ನೆಯಾದರೆ ಏಳು ಎಂದು ಬರೆದ ಚೀಟಿಯನ್ನು ಎತ್ತಿಕೊಳ್ಳಬೇಕು. ಉತ್ತರ ಹೌದಾದರೆ ಹಸಿರು ಡಬ್ಬಿಗೆ, ಇಲ್ಲವಾದರೆ ಕೆಂಪು ಡಬ್ಬಿಗೆ, ಆ ಪ್ರಶ್ನೆ ತನಗೆ ಅನ್ವಯಿಸದಿದ್ದರೆ ಬಿಳಿ ಡಬ್ಬಿಗೆ ಹಾಕಬೇಕು. ಚೀಟಿಯ ಮೇಲೆ ಹೆಸರಿಲ್ಲ, ಸಹಿ ಇಲ್ಲ. ಕೊನೆಗೆ ಎಲ್ಲರ ಡಬ್ಬಿಗಳನ್ನೂ ಬಣ್ಣವಾರು ಒಟ್ಟುಗೂಡಿಸಿ ಎಣಿಸುತ್ತಾರೆ. ಯಾವ ಚೀಟಿ ಯಾರದ್ದು ಎಂಬುದು ಸಮೀಕ್ಷೆ ಮಾಡಿದವರಿಗೂ ತಿಳಿಯದು. ಓದುಬರಹ ಬಾರದವರೂ ಅಂಕಿ ಗುರುತಿಸಿದರೆ ಸಾಕು. ಚುನಾವಣೆಯಲ್ಲಿ ಮತ ಹಾಕಿ ಅಭ್ಯಾಸವಿರುವ ಜನಕ್ಕೆ ಇದರ ಮರ್ಮವನ್ನು ಬಿಡಿಸಿ ಹೇಳಬೇಕಾಗಿಯೂ ಇಲ್ಲ.

ಇಷ್ಟು ದೊಡ್ಡ ವ್ಯತ್ಯಾಸ ಕಂಡಾಗ ಮೊದಲು ಬಾಯಿಗೆ ಬರುವ ಮಾತು, ಇಂಥ ವಿಷಯದಲ್ಲಿ ಜನ ಸುಳ್ಳು ಹೇಳುತ್ತಾರೆ ಎಂಬುದು. ನನ್ನ ವಾದ ಇದಕ್ಕೆ ವಿರುದ್ಧ. ಉತ್ತರಿಸುವ ಹೆಂಗಸು ಪ್ರಶ್ನೆಯನ್ನು ಮಾತ್ರ ಕೇಳಿಸಿಕೊಳ್ಳುವುದಿಲ್ಲ. ಕೇಳುವವರು ಯಾರು, ಅವರು ಇದನ್ನು ಎಲ್ಲಿ ಬರೆದಿಡುತ್ತಾರೆ, ನಾಳೆ ಇದು ಯಾರ ಕಿವಿಗೆ ಬೀಳುತ್ತದೆ ಎಂದು ಲೆಕ್ಕ ಹಾಕುತ್ತಾಳೆ. ಹೊಡೆದವನು ಪೊಲೀಸನಾಗಿದ್ದರೆ ಹೇಳುವುದು ಅಪಾಯ, ಮನೆಯವನೇ ಆಗಿದ್ದರೆ ಅವಮಾನ. ಕಾಂಡೋಮ್ ಬಳಸಬೇಕೆಂದು ತಿಂಗಳುಗಟ್ಟಲೆ ಹೇಳಿಕೊಟ್ಟ ಸಂಸ್ಥೆಯವರೇ ಬಂದು ಬಳಸುತ್ತೀರಾ ಎಂದು ಕೇಳಿದರೆ, ಇಲ್ಲ ಎನ್ನುವುದು ಅವರ ಮುಖಕ್ಕೆ ಹೊಡೆದಂತೆ. ಇಂಥ ಸ್ಥಿತಿಯಲ್ಲಿ ಮುಚ್ಚಿಟ್ಟ ಉತ್ತರ ಅಪ್ರಾಮಾಣಿಕತೆಯಲ್ಲ, ವಿವೇಕ. ಹಾಗಾದರೆ ತಪ್ಪು ಅಂಕಿಯ ಹೊಣೆ ಹೇಳಿದವರ ಮೇಲಲ್ಲ, ಕೇಳಿದ ವಿಧಾನದ ಮೇಲೆ ಬೀಳುತ್ತದೆ. ಲೈಂಗಿಕತೆಯ ಸಂಶೋಧನೆಯಲ್ಲಿ ಉತ್ತರಿಸುವವರ ಘನತೆ ಮತ್ತು ಸುರಕ್ಷತೆಯನ್ನು ನೈತಿಕತೆಯ ಅಧ್ಯಾಯಕ್ಕೆ ಸೇರಿಸಿ, ಅಂಕಿಅಂಶದ ನಿಖರತೆಯನ್ನು ವಿಜ್ಞಾನದ ಅಧ್ಯಾಯಕ್ಕೆ ಸೇರಿಸುವುದು ರೂಢಿ. ಇವೆರಡೂ ಒಂದೇ ಅಧ್ಯಾಯ ಎಂಬುದು ನನ್ನ ತಿಳುವಳಿಕೆ.

ಇದು ನಮ್ಮ ದೇಶದ ಸಂಕೋಚದ ಫಲ, ಪಶ್ಚಿಮದಲ್ಲಿ ಜನ ಬಿಚ್ಚುಮನಸ್ಸಿನವರು ಎಂದು ಯಾರಾದರೂ ಹೇಳಿದರೆ ಅದಕ್ಕೂ ಪುರಾವೆ ಇಲ್ಲ. ಅಮೆರಿಕದ ಮಿಶೆಲ್ ಅಲೆಕ್ಸಾಂಡರ್ ಮತ್ತು ಟೆರಿ ಫಿಶರ್ 2003ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನೋಡಿ. ಕಾಲೇಜು ವಿದ್ಯಾರ್ಥಿಗಳಿಗೆ ಇದುವರೆಗೆ ಎಷ್ಟು ಸಂಗಾತಿಗಳಿದ್ದರು ಎಂದು ಮೂರು ಸನ್ನಿವೇಶಗಳಲ್ಲಿ ಕೇಳಿದರು. ತಮ್ಮ ಉತ್ತರ ಬೇರೆಯವರ ಕಣ್ಣಿಗೆ ಬೀಳಬಹುದು ಎಂದು ತಿಳಿದಿದ್ದ ಹುಡುಗಿಯರ ಸರಾಸರಿ 2.6. ಉತ್ತರ ಪೂರ್ತಿ ಅನಾಮಧೇಯ ಎಂದಾಗ 3.4. ಸುಳ್ಳು ಪತ್ತೆ ಮಾಡುವ ಯಂತ್ರಕ್ಕೆ ತಮ್ಮನ್ನು ಜೋಡಿಸಲಾಗಿದೆ ಎಂದು ನಂಬಿದಾಗ 4.4. ವಾಸ್ತವದಲ್ಲಿ ಆ ಯಂತ್ರ ಏನನ್ನೂ ಪತ್ತೆ ಮಾಡುತ್ತಿರಲಿಲ್ಲ. ಹುಡುಗರ ಉತ್ತರ ಮಾತ್ರ ಮೂರೂ ಸಲ ನಾಲ್ಕರ ಆಸುಪಾಸಿನಲ್ಲೇ ಇತ್ತು. ಹೆಣ್ಣಿಗೆ ಒಂದು ಲೆಕ್ಕ, ಗಂಡಿಗೆ ಇನ್ನೊಂದು ಲೆಕ್ಕ ಎಂಬ ಸಮಾಜದ ನಿಯಮ ಪ್ರಶ್ನಾವಳಿಯೊಳಗೂ ಬಂದು ಕೂತಿತ್ತು. ಇದಕ್ಕೂ ಮೊದಲು, 1998ರಲ್ಲಿ, ಚಾರ್ಲ್ಸ್ ಟರ್ನರ್ ಮತ್ತು ಸಂಗಡಿಗರು ಅಲ್ಲಿನ ಹದಿಹರೆಯದ ಹುಡುಗರನ್ನು ಕೇಳಿದ್ದರು. ಗಂಡಸಿನೊಡನೆ ಲೈಂಗಿಕ ಸಂಪರ್ಕವಾಗಿದೆ ಎಂದು ಕಾಗದದ ನಮೂನೆಯಲ್ಲಿ ಒಪ್ಪಿಕೊಂಡವರು ನೂರಕ್ಕೆ 1.5, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕಂಪ್ಯೂಟರ್ ಕೇಳಿದ ಪ್ರಶ್ನೆಗೆ ಗುಂಡಿ ಒತ್ತಿ ಒಪ್ಪಿಕೊಂಡವರು ನೂರಕ್ಕೆ 5.5.

ಬ್ರಿಟನ್ನಿನ ರಾಷ್ಟ್ರೀಯ ಲೈಂಗಿಕ ಸಮೀಕ್ಷೆಯಲ್ಲಿ ಇನ್ನೂ ವಿಚಿತ್ರವಾದ ಸಂಗತಿಯಿದೆ. 2010ರಿಂದ 2012ರವರೆಗೆ ನಡೆದ ಅದರ ಮೂರನೆಯ ಸುತ್ತಿನಲ್ಲಿ ಗಂಡಸರು ಹೇಳಿದ ವಿರುದ್ಧಲಿಂಗದ ಸಂಗಾತಿಗಳ ಜೀವಮಾನದ ಸರಾಸರಿ 14, ಹೆಂಗಸರು ಹೇಳಿದ್ದು 7. ಗಂಡು ಹೆಣ್ಣಿನ ಸಂಖ್ಯೆ ಹೆಚ್ಚು ಕಡಿಮೆ ಸಮವಾಗಿರುವ ದೇಶದಲ್ಲಿ ಇದು ಅಸಾಧ್ಯ. ಪ್ರತಿ ಜೋಡಿಗೂ ಎರಡು ತುದಿ ಇರಬೇಕಲ್ಲ! ಸಂಶೋಧಕರು ಕೂತು ವಿಂಗಡಿಸಿದಾಗ ಬೆರಳೆಣಿಕೆಯ ಗಂಡಸರು ಕೊಟ್ಟ ವಿಪರೀತ ದೊಡ್ಡ ಅಂಕಿಗಳು, ಎಣಿಸದೆ ಅಂದಾಜಿನಲ್ಲಿ ಹೇಳುವ ಗಂಡಸರ ರೂಢಿ, ಇಂಥ ಸಂಬಂಧ ಸರಿಯೋ ತಪ್ಪೋ ಎಂಬ ಬಗ್ಗೆ ಇಬ್ಬರ ಧೋರಣೆಯಲ್ಲಿನ ವ್ಯತ್ಯಾಸ, ಇವೆಲ್ಲ ಸೇರಿ ಏಳರ ಅಂತರ ಎರಡೂವರೆಯ ಆಸುಪಾಸಿಗೆ ಇಳಿಯಿತು. ಅಂದರೆ ಜನರ ಬದುಕಿನಲ್ಲಿ ಇಲ್ಲದ ಒಂದು ಭೇದವನ್ನು ಬಹುಪಾಲು ಉತ್ತರಗಳೇ ಹುಟ್ಟಿಸಿದ್ದವು.

ಈಗ ಆಕ್ಷೇಪಗಳಿಗೆ ಬರೋಣ. ಮೊದಲನೆಯದು ಸಂಖ್ಯಾಶಾಸ್ತ್ರಜ್ಞರದ್ದು, ಮತ್ತು ಬಲವಾದದ್ದು. ಹೆಚ್ಚು ಜನ ಹೌದು ಎಂದ ಮಾತ್ರಕ್ಕೆ ಅದೇ ನಿಜವೆಂದು ಹೇಗೆ ಹೇಳುತ್ತೀರಿ? ಗಡಿಬಿಡಿಯಲ್ಲಿ ಚೀಟಿ ತಪ್ಪು ಡಬ್ಬಿಗೆ ಬಿದ್ದಿರಬಹುದು. ಲೆಕ್ಕ ಹಾಕಿ ನೋಡೋಣ. ನೂರರಲ್ಲಿ ನಿಜವಾಗಿ ಹಿಂಸೆಗೆ ಒಳಗಾದವರು 11 ಮಂದಿಯೇ ಎಂದಿಟ್ಟುಕೊಳ್ಳಿ. ಪ್ರತಿ ಇಪ್ಪತ್ತು ಚೀಟಿಗೆ ಒಂದು ಚೀಟಿ ತಪ್ಪಾಗಿ ಬೀಳುತ್ತದೆ ಎಂದರೂ ಹಸಿರು ಡಬ್ಬಿಯಲ್ಲಿ ಸಿಗುವುದು ಸುಮಾರು 15 ಚೀಟಿ. ಅದು 26ಕ್ಕೆ ಏರಬೇಕಾದರೆ ಪ್ರತಿ ಐದು ಚೀಟಿಯಲ್ಲಿ ಒಂದು ತಪ್ಪು ಬೀಳಬೇಕು. ಬಣ್ಣ ಗುರುತಿಸಬಲ್ಲ, ಮೊದಲು ಅಭ್ಯಾಸ ಮಾಡಿಸಿದ ವಯಸ್ಕರು ಅಷ್ಟು ಎಡವುತ್ತಾರೆಂದು ನಂಬುವುದು ಕಷ್ಟ. ಆದರೆ ಆಕ್ಷೇಪ ಇಲ್ಲಿಗೆ ಸತ್ತಿತು ಎನ್ನುವಂತಿಲ್ಲ. ನೂರಕ್ಕೆ ಒಬ್ಬರು ಮಾತ್ರ ಮಾಡುವಂಥ ಅಪರೂಪದ ವರ್ತನೆಯಾದರೆ ಅದೇ ಇಪ್ಪತ್ತಕ್ಕೊಂದು ತಪ್ಪು ಆ ಒಂದನ್ನು ಆರರ ಹತ್ತಿರಕ್ಕೆ ಒಯ್ಯುತ್ತದೆ. ಆದ್ದರಿಂದ ಮತಗಟ್ಟೆ ಸಮೀಕ್ಷೆ ಕೊಡುವ ಸಣ್ಣ ಅಂಕಿಗಳನ್ನು ಎತ್ತಿ ಪತ್ರಿಕೆಯ ತಲೆಬರಹ ಮಾಡಬಾರದು. ಜೊತೆಗೆ, ಕರ್ನಾಟಕದ ಆ ಎರಡು ಸಮೀಕ್ಷೆಗಳಲ್ಲಿ ಅದೇ ಮಹಿಳೆಯರನ್ನು ಎರಡು ಸಲ ಕೇಳಿದ್ದಲ್ಲ. ಗುಂಪುಗಳು ಬೇರೆ ಬೇರೆ. ಅಂತರದ ಒಂದು ಪಾಲು ಅದರಿಂದಲೂ ಬಂದಿರಬಹುದು. ಆದರೂ ಅಮೆರಿಕದ ಎರಡು ಪ್ರಯೋಗಗಳಲ್ಲಿ ಕಂಡ ದಿಕ್ಕೇ ಇಲ್ಲಿಯೂ ಕಾಣುವುದನ್ನು ಕಾಕತಾಳೀಯ ಎಂದು ತಳ್ಳಿಹಾಕಲಾಗದು.

ಇದೇ ಆಕ್ಷೇಪದ ಇನ್ನೊಂದು ಮುಖವೆಂದರೆ, ಎದುರುಬದುರು ಸಂದರ್ಶನ ಹಾಗಾದರೆ ವ್ಯರ್ಥವೇ ಎಂಬುದು. ಖಂಡಿತ ಅಲ್ಲ. ಮತಗಟ್ಟೆಯಲ್ಲಿ ಹೌದು, ಇಲ್ಲ ಎಂಬುದಕ್ಕಷ್ಟೇ ಜಾಗ; ಯಾವಾಗ, ಎಷ್ಟು ಸಲ, ಯಾಕೆ ಎಂಬುದಕ್ಕೆ ಇಲ್ಲ. ಒಬ್ಬಳ ಒಂದು ಉತ್ತರವನ್ನು ಅವಳದೇ ಇನ್ನೊಂದು ಉತ್ತರದೊಡನೆ ಜೋಡಿಸಿ ನೋಡಲೂ ಬರುವುದಿಲ್ಲ. ಆ ಕೆಲಸವನ್ನು ಸಂದರ್ಶನ, ಅದರ ಜೊತೆಗಿನ ರಕ್ತ ಮತ್ತು ಮೂತ್ರ ಪರೀಕ್ಷೆ ಮಾಡಿದವು. ಅವುಗಳಿಂದ ತಿಳಿದದ್ದು ಮಹತ್ವದ್ದು. ಹಿಂಸೆಗೆ ಒಳಗಾದೆವು ಎಂದವರಲ್ಲಿ ಗೊನೋರಿಯಾ ಸೋಂಕು ನೂರಕ್ಕೆ 5. ಇಲ್ಲ ಎಂದವರಲ್ಲಿ 2.6. ಹಿಂದಿನ ತಿಂಗಳಲ್ಲಿ ಗಿರಾಕಿಗಳೊಡನೆ ಒಮ್ಮೆಯೂ ಕಾಂಡೋಮ್ ತಪ್ಪಿಸಲಿಲ್ಲ ಎಂದವರು ಮೊದಲ ಗುಂಪಿನಲ್ಲಿ ನೂರಕ್ಕೆ 55, ಎರಡನೆಯದರಲ್ಲಿ 75. ಹೊಡೆಯುವವನ ಮುಂದೆ ಕಾಂಡೋಮ್ ಬೇಕೇ ಬೇಕು ಎಂದು ಹಟ ಹಿಡಿಯಲು ಯಾರಿಗೆ ಸಾಧ್ಯ? ಹಿಂಸೆಯನ್ನು ಕಾನೂನಿನ ವಿಷಯವೆಂದೂ ಸೋಂಕನ್ನು ಆಸ್ಪತ್ರೆಯ ವಿಷಯವೆಂದೂ ಬೇರೆ ಬೇರೆ ಕಡತದಲ್ಲಿಡುವುದು ಎಷ್ಟು ತಪ್ಪು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಡ. ಪೊಲೀಸರಿಗೆ, ವಕೀಲರಿಗೆ, ಪತ್ರಕರ್ತರಿಗೆ ತಿಳಿವಳಿಕೆ ಕೊಡುವ ಕಾರ್ಯಕ್ರಮ ನಡೆದ ಮೇಲೆ ಎರಡೂ ವಿಧಾನಗಳಲ್ಲಿ ಹಿಂಸೆಯ ಪ್ರಮಾಣ ಇಳಿಯಿತು: ಸಂದರ್ಶನದಲ್ಲಿ 13ರಿಂದ 9ಕ್ಕೆ, ಮತಗಟ್ಟೆಯಲ್ಲಿ 27ರಿಂದ 19ರ ಹತ್ತಿರಕ್ಕೆ. ಇಳಿತವನ್ನು ತೋರಿಸಲು ಸಂದರ್ಶನ ಸಾಕಾಯಿತು. ಇನ್ನೂ ಉಳಿದಿರುವುದು ಎಷ್ಟು ಎಂಬುದನ್ನು ತೋರಿಸಲು ಸಾಲಲಿಲ್ಲ. ಒಂಬತ್ತು ಎಂದು ನಂಬಿ ಹಣ ಇಡುವ ಸರ್ಕಾರಕ್ಕೂ ಹತ್ತೊಂಬತ್ತು ಎಂದು ತಿಳಿದು ಹಣ ಇಡುವ ಸರ್ಕಾರಕ್ಕೂ ವ್ಯತ್ಯಾಸವಿದೆ.

ಎರಡನೆಯ ಆಕ್ಷೇಪ ಸಂಸ್ಕೃತಿಯದ್ದು. ಮುಚ್ಚಿದ ಬಾಗಿಲ ಹಿಂದಿನ ವಿಷಯವನ್ನು ಕೆದಕುವುದೇಕೆ, ಕೇಳಿ ಕೇಳಿಯೇ ಇಲ್ಲದ ಯೋಚನೆ ತಲೆಗೆ ತುಂಬುತ್ತೀರಿ ಎಂಬ ಮಾತು. ಇದು ನಮ್ಮದೇ ಸೊತ್ತೇನಲ್ಲ. ಬ್ರಿಟನ್ನಿನ ಆ ಸಮೀಕ್ಷೆಯ ಮೊದಲ ಸುತ್ತಿಗೆ 1989ರಲ್ಲಿ ಮಾರ್ಗರೆಟ್ ಥ್ಯಾಚರ್ ಸರ್ಕಾರ ಹಣ ಕೊಡಲು ನಿರಾಕರಿಸಿತು. ಕೊನೆಗೆ ವೆಲ್‌ಕಮ್ ಟ್ರಸ್ಟ್ ಕೊಟ್ಟಿತು, ಸುಮಾರು 19 ಸಾವಿರ ಜನ ಉತ್ತರಿಸಿದರು. ಏಡ್ಸ್ ಹೇಗೆ ಹರಡಬಹುದೆಂದು ಅಂದಾಜು ಮಾಡಲು ಅಲ್ಲಿನ ವೈದ್ಯರಿಗೆ ಆ ಅಂಕಿಗಳೇ ಬೇಕಾಗಿದ್ದವು. ನಮ್ಮಲ್ಲಿ 2007ರಲ್ಲಿ ಲೈಂಗಿಕ ತಿಳಿವಳಿಕೆಯನ್ನೂ ಕೊಡುವ ಹದಿಹರೆಯದವರ ಶಿಕ್ಷಣ ಕಾರ್ಯಕ್ರಮವನ್ನು ತಡೆದ ರಾಜ್ಯಗಳ ಸಾಲಿನಲ್ಲಿ ಕರ್ನಾಟಕವೂ ಇತ್ತು. ಹನ್ನೊಂದನೆಯ ಶತಮಾನದಲ್ಲೇ ಚಂದ್ರರಾಜನು ಕನ್ನಡದಲ್ಲಿ ‘ಮದನತಿಲಕ’ವೆಂಬ ಕಾಮಶಾಸ್ತ್ರ ಗ್ರಂಥ ಬರೆದಿದ್ದ ನಾಡು ಇದು ಎಂಬುದನ್ನು ನೆನೆದರೆ ನಗು ಬರುತ್ತದೆ. ಆದರೆ ಹಳೆಯ ಗ್ರಂಥವನ್ನು ತೋರಿಸಿ ಈ ಆಕ್ಷೇಪವನ್ನು ಗೆಲ್ಲಲಾಗದು. ಆ ಗ್ರಂಥ ಅರಮನೆಯ ರಸಿಕರದ್ದು, ನಾವು ಮಾತಾಡುತ್ತಿರುವುದು ಹೊಲದಲ್ಲಿ ದುಡಿಯುವ ಹೆಂಗಸಿನ ಆರೋಗ್ಯ.

ಈ ಸಂಸ್ಕೃತಿಯ ಆಕ್ಷೇಪಕ್ಕೆ ಉತ್ತರ ಗಡ್‌ಚಿರೋಲಿಯಲ್ಲಿದೆ. ಮಹಾರಾಷ್ಟ್ರದ ಆ ಜಿಲ್ಲೆಯ ಎರಡು ಹಳ್ಳಿಗಳಲ್ಲಿ ಡಾ. ರಾಣಿ ಬಂಗ್ ಮತ್ತು ಡಾ. ಅಭಯ್ ಬಂಗ್ ಅವರ ತಂಡ 650 ಹೆಂಗಸರನ್ನು ಪರೀಕ್ಷಿಸಿ 1989ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆಯಿತು. ಅಲ್ಲಿಯವರೆಗೆ ಹಳ್ಳಿಯ ಹೆಂಗಸರ ಆರೋಗ್ಯವೆಂದರೆ ಬಸಿರು, ಬಾಣಂತನ, ಸಂತಾನಹರಣ ಚಿಕಿತ್ಸೆ, ಇಷ್ಟೇ. ಪರೀಕ್ಷೆ ಮಾಡಿದಾಗ ನೂರಕ್ಕೆ 92 ಮಂದಿಗೆ ಒಂದಲ್ಲ ಒಂದು ಸ್ತ್ರೀರೋಗ ಅಥವಾ ಲೈಂಗಿಕ ರೋಗವಿತ್ತು. ಅದಕ್ಕೂ ಮೊದಲು ಅಂಥ ಪರೀಕ್ಷೆ ಮಾಡಿಸಿಕೊಂಡಿದ್ದವರು ನೂರಕ್ಕೆ 8 ಮಾತ್ರ. ಬಿಳಿ ಸೆರಗು, ಹೊಟ್ಟೆಯ ಕೆಳಭಾಗದ ನೋವು, ತಿಂಗಳ ಮುಟ್ಟಿನ ತೊಂದರೆ, ಇವೆಲ್ಲ ಹೆಣ್ಣಾಗಿ ಹುಟ್ಟಿದ ಮೇಲೆ ಇದ್ದದ್ದೇ ಎಂದು ಸಹಿಸಿಕೊಂಡವರು ಅವರು. ಯಾರೂ ಕೇಳದೇ ಇದ್ದದ್ದರಿಂದ ಅವರ ರೋಗ ಇಲ್ಲವಾಗಲಿಲ್ಲ. ಸರ್ಕಾರದ ಕಡತದಲ್ಲಿ ಮಾತ್ರ ಇಲ್ಲವಾಯಿತು. ಪ್ರಶ್ನೆಯಿಂದ ಮರ್ಯಾದೆ ಹೋಗುತ್ತದೆ ಎನ್ನುವವರು ಮೌನದಿಂದ ಹೋಗುವುದೇನು ಎಂಬುದನ್ನೂ ತಕ್ಕಡಿಯ ಇನ್ನೊಂದು ತಟ್ಟೆಗೆ ಹಾಕಬೇಕಾಗುತ್ತದೆ.

ಆದರೆ ಕೇಳಿದರೆ ಸಾಕು, ವಿಶ್ವಾಸ ಗಳಿಸಿದರೆ ಸಾಕು ಎಂಬ ಇನ್ನೊಂದು ತುದಿಗೂ ನಾನು ಹೋಗುವುದಿಲ್ಲ. ಅಮೆರಿಕದ ಲೈಂಗಿಕತೆಯ ಸಂಶೋಧಕ ಆಲ್ಫ್ರೆಡ್ ಕಿನ್ಸೆ ಜನರನ್ನು ಮಾತಾಡಿಸುವುದರಲ್ಲಿ ನಿಸ್ಸೀಮ. ಉತ್ತರಗಳನ್ನು ತನ್ನವರಿಗಷ್ಟೇ ಗೊತ್ತಿದ್ದ ಗುಪ್ತ ಸಂಕೇತಗಳಲ್ಲಿ ಬರೆದುಕೊಳ್ಳುತ್ತಿದ್ದ. 1948ರಲ್ಲಿ ಗಂಡಸರ ಬಗ್ಗೆ, 1953ರಲ್ಲಿ ಹೆಂಗಸರ ಬಗ್ಗೆ ಅವನ ವರದಿ ಬಂದಾಗ ಜಗತ್ತು ಬೆಚ್ಚಿಬಿತ್ತು. ಸಂಖ್ಯಾಶಾಸ್ತ್ರಜ್ಞರು ಮಾತ್ರ ಬೇರೆ ಕಾರಣಕ್ಕೆ ತಲೆಯಾಡಿಸಿದರು: ತಾವಾಗಿ ಮುಂದೆ ಬಂದವರು, ಜೈಲಿನಲ್ಲಿದ್ದವರು, ಇಂಥವರನ್ನು ಸೇರಿಸಿ ಇಡೀ ದೇಶದ ಲೆಕ್ಕ ಹೇಳಲು ಬರುವುದಿಲ್ಲ ಎಂದು. ಅವರ ಮಾತು ಸರಿ. ಬಾಯಿ ಬಿಡಿಸುವ ಕಲೆ ಒಂದು, ಯಾರ ಬಾಯಿ ಎಂಬುದನ್ನು ಆರಿಸುವ ಶಾಸ್ತ್ರ ಇನ್ನೊಂದು.

ಇನ್ನು ಕಾನೂನು. ಇಲ್ಲಿ ನಾನು ಸಂಶೋಧಕರಿಗಿಂತ ಶಾಸನ ಮಾಡುವವರನ್ನು ಹೆಚ್ಚು ದೂರುತ್ತೇನೆ. 2013ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಸಲಿಂಗ ಲೈಂಗಿಕ ಸಂಪರ್ಕವನ್ನು ಅಪರಾಧವಾಗಿಸಿದ್ದ ಭಾರತೀಯ ದಂಡ ಸಂಹಿತೆಯ 377ನೆಯ ಕಲಮನ್ನು ಎತ್ತಿಹಿಡಿದಾಗ ಕೊಟ್ಟ ಕಾರಣಗಳಲ್ಲಿ ಒಂದು, ಇದರಿಂದ ಬಾಧಿತರಾಗುವವರು ದೇಶದ ಜನಸಂಖ್ಯೆಯಲ್ಲಿ ಅತ್ಯಲ್ಪ ಎಂಬುದು. ತಾನು ಯಾರೆಂದು ಹೇಳಿಕೊಂಡರೆ ಅಪರಾಧಿಯಾಗುವ ದೇಶದಲ್ಲಿ ಹೇಳಿಕೊಂಡವರು ಕಡಿಮೆ ಇದ್ದಾರೆಂದು ಲೆಕ್ಕ ತೋರಿಸಿ, ಅದೇ ಲೆಕ್ಕದಿಂದ ಆ ಕಾನೂನನ್ನು ಉಳಿಸಿಕೊಂಡಂತಾಯಿತು. 2018ರ ಸೆಪ್ಟೆಂಬರ್ 6ರಂದು ಅದೇ ನ್ಯಾಯಾಲಯ ಆ ತೀರ್ಪನ್ನು ತಿದ್ದಿಕೊಂಡಿತು, ಸಂತೋಷ. ನಮ್ಮ ರಾಜ್ಯದ ಪೊಲೀಸ್ ಕಾಯ್ದೆಗೆ 2011ರಲ್ಲಿ 36ಎ ಎಂಬ ಕಲಮನ್ನು ಸೇರಿಸಿ, ಸಂಶಯಕ್ಕೆ ಗುರಿಯಾದ ಲಿಂಗತ್ವ ಅಲ್ಪಸಂಖ್ಯಾತರ ಹೆಸರು ವಿಳಾಸದ ಪಟ್ಟಿ ಇಡಲು ಪೊಲೀಸರಿಗೆ ಅಧಿಕಾರ ಕೊಟ್ಟಿದ್ದರು. ಸಮುದಾಯದವರು ಹೈಕೋರ್ಟಿಗೆ ಹೋದ ಮೇಲೆ ಅವರನ್ನು ಹೆಸರಿಸುತ್ತಿದ್ದ ಪದವನ್ನು ತೆಗೆದರು. ಠಾಣೆಯಲ್ಲಿ ಪಟ್ಟಿ ಇದೆ ಎಂದು ಗೊತ್ತಿರುವ ಮಂಗಳಮುಖಿಯೊಬ್ಬರ ಮನೆಗೆ ಇನ್ನೊಬ್ಬರು ಪಟ್ಟಿ ಹಿಡಿದು ಬಂದರೆ, ಅದು ಆರೋಗ್ಯದ ಪಟ್ಟಿ ಎಂದು ಅವರು ಯಾಕೆ ನಂಬಬೇಕು? ಮಕ್ಕಳ ವಿಷಯದಲ್ಲಿ ತೊಡಕು ಬೇರೆ ಬಗೆಯದು. 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಹದಿನೆಂಟು ತುಂಬದವರ ಲೈಂಗಿಕ ಸಂಪರ್ಕ ತಿಳಿದುಬಂದರೆ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ ಶಿಕ್ಷೆ. ದೌರ್ಜನ್ಯಕ್ಕೆ ಒಳಗಾದ ಮಗುವಿನ ರಕ್ಷಣೆಗೆ ಈ ನಿಯಮ ಬೇಕು, ಅದನ್ನು ಸಡಿಲಿಸಿ ಎಂದು ನಾನು ಹೇಳುವುದಿಲ್ಲ. ಆದರೆ ಹದಿನೇಳರ ಹುಡುಗಿ ತನ್ನ ವಯಸ್ಸಿನ ಗೆಳೆಯನ ಬಗ್ಗೆ ಹೆಸರು ಸಹಿತ ಸಂಶೋಧಕರಿಗೆ ಹೇಳಿದರೆ ಅದು ಠಾಣೆಯವರೆಗೆ ಹೋಗುತ್ತದೆ ಎಂದಾದಾಗ ಅವಳೂ ಹೇಳುವುದಿಲ್ಲ, ಸಂಶೋಧಕರೂ ಕೇಳುವುದಿಲ್ಲ. ಹೆಸರಿಲ್ಲದ ಚೀಟಿಯ ವಿಧಾನ ಇಲ್ಲಿ ಅನುಕೂಲ ಮಾತ್ರವಲ್ಲ, ಬಹುಶಃ ಉಳಿದಿರುವ ಒಂದೇ ಮರ್ಯಾದಸ್ಥ ದಾರಿ.

ಉತ್ತರಿಸುವವರ ಸುರಕ್ಷತೆಯ ಈ ತತ್ತ್ವ ಸರ್ಕಾರಕ್ಕೆ ಗೊತ್ತಿಲ್ಲವೆಂದೇನೂ ಅಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕೌಟುಂಬಿಕ ಹಿಂಸೆಯ ಪ್ರಶ್ನೆಗಳನ್ನು ಒಂದು ಮನೆಯಲ್ಲಿ ಒಬ್ಬ ಹೆಂಗಸಿಗೆ ಮಾತ್ರ, ಅದೂ ಬೇರೆ ಯಾರೂ ಇಲ್ಲದಿದ್ದಾಗ ಮಾತ್ರ ಕೇಳಬೇಕೆಂಬ ನಿಯಮವಿದೆ. ಜನಗಣತಿಗೆ ಆ ನಿಯಮವಿಲ್ಲ. 2011ರಲ್ಲಿ ಮೊದಲ ಬಾರಿಗೆ ಗಂಡು, ಹೆಣ್ಣಿನ ಜೊತೆಗೆ ‘ಇತರೆ’ ಎಂದು ಪ್ರತ್ಯೇಕವಾಗಿ ಎಣಿಸಿದಾಗ ದೇಶದಲ್ಲಿ ಸಿಕ್ಕವರು ಸುಮಾರು 4 ಲಕ್ಷ 88 ಸಾವಿರ, ಕರ್ನಾಟಕದಲ್ಲಿ 20 ಸಾವಿರ ಚಿಲ್ಲರೆ. ದೇಶದ ಆ ಲೆಕ್ಕದಲ್ಲಿ ಸುಮಾರು 55 ಸಾವಿರ ಮಂದಿ ಆರು ವರ್ಷದೊಳಗಿನ ಮಕ್ಕಳು. ಇನ್ನೂ ಮಾತು ಬಲಿಯದ ಕೂಸಿನ ಲಿಂಗತ್ವವನ್ನು ಬಾಗಿಲಲ್ಲಿ ನಿಂತು ಉತ್ತರ ಕೊಟ್ಟ ಮನೆಯ ಹಿರಿಯರು ಹೇಳಿದ್ದಾರೆ. ಮನೆಯೊಳಗಿದ್ದ ಇಪ್ಪತ್ತೈದರ ಮಗನನ್ನೋ ಮಗಳನ್ನೋ ಅದೇ ಹಿರಿಯರು ಯಾವ ಖಾನೆಗೆ ಬರೆಸಿರಬಹುದು ಎಂದು ಊಹಿಸಬಹುದು. 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ನೂರಕ್ಕೆ ಒಂದರಷ್ಟು ಮೀಸಲಾತಿ ಕೊಟ್ಟ ರಾಜ್ಯ ನಮ್ಮದು. ಮೀಸಲಾತಿಗಾದರೂ ಸರಿಯಾದ ಎಣಿಕೆ ಬೇಕು. ಮುಂದಿನ ಜನಗಣತಿಗೆ 2027ರ ಮಾರ್ಚ್ 1 ಆಧಾರ ದಿನ. ಈ ಸಲ ಮೊಬೈಲ್‌ನಲ್ಲಿ ತಾವೇ ವಿವರ ತುಂಬುವ ಅವಕಾಶವೂ ಇರುತ್ತದೆ. ಹದಿನೆಂಟು ದಾಟಿದ ಪ್ರತಿಯೊಬ್ಬರೂ ಆ ಒಂದು ಖಾನೆಯನ್ನು ಮನೆಯ ಯಜಮಾನರ ಕಣ್ಣಿಗೆ ಬೀಳದಂತೆ ಬೇರೆಯಾಗಿ ತುಂಬಲು ದಾರಿ ಮಾಡಿಕೊಡುವುದು ತಾಂತ್ರಿಕವಾಗಿ ದೊಡ್ಡ ಕೆಲಸವಲ್ಲ. ಹಾಗೆ ಮಾಡಿದರೆ ಬರುವ ಸಂಖ್ಯೆ 2011ರದ್ದಕ್ಕಿಂತ ಎಷ್ಟು ದೂರದಲ್ಲಿರುತ್ತದೆ ಎಂಬುದನ್ನು ನೋಡಲು ಸಂಶೋಧಕರು ಮಾತ್ರವಲ್ಲ, ನಾವೆಲ್ಲರೂ ಕಾಯಬಹುದು.